ಮೊದಲು ಓಟವೋ, ಮೊದಲು ಭಾರವೋ

ಜಿಮ್ಮಿನ ಕೆಲಸದಿಂದ ನಿವೃತ್ತಳಾದೆ ಎಂದರೆ ಜನ ಒಮ್ಮೆ ನನ್ನ ಮುಖ ನೋಡುತ್ತಾರೆ, ಆಮೇಲೆ ತೋಳು ನೋಡುತ್ತಾರೆ. ಬ್ಯಾಂಕಿನವರು, ಶಾಲೆಯವರು, ರೈಲ್ವೆಯವರು ನಿವೃತ್ತರಾಗುವುದು ಎಲ್ಲರಿಗೂ ಗೊತ್ತು. ಡೊಂಬಿವಲಿಯ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದವಳೂ ಒಂದು ದಿನ ಸಾಕೆಂದು ಮನೆಯಲ್ಲಿ ಕೂರಬಹುದು ಎನ್ನುವುದು ಯಾರಿಗೂ ಹೊಳೆದಿರಲಿಲ್ಲ. ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಕೇಳಿದ್ದು ಇಷ್ಟೇ: "ಹಾಗಾದ್ರೆ ಇನ್ನು ನೀವು ಬೇಕಾದ್ದು ತಿನ್ನಬಹುದಲ್ವಾ?"

ಮೊನ್ನೆ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಕಲ್ಯಾಣದ ದೊಡ್ಡ ಎಸಿ ಜಿಮ್ಮೊಂದರಲ್ಲಿ ಆಗಷ್ಟೇ ಟ್ರೇನರ್ ಕೆಲಸಕ್ಕೆ ಸೇರಿದವರು. ಮೆಂಬರುಗಳು ದಿನಾ ಒಂದೇ ಪ್ರಶ್ನೆ ಕೇಳಿ ತಲೆ ತಿನ್ನುತ್ತಾರಂತೆ. ಮೊದಲು ಕಾರ್ಡಿಯೋ ಮಾಡಬೇಕೋ, ಮೊದಲು ಸ್ಟ್ರೆಂತ್ ಮಾಡಬೇಕೋ? ಅಂದರೆ ಮೊದಲು ಓಡಿ, ಸೈಕಲ್ ತುಳಿದು ಉಸಿರು ಏರಿಸಿಕೊಳ್ಳಬೇಕೋ, ಇಲ್ಲ ಮೊದಲು ಭಾರ ಎತ್ತಿ ಆಮೇಲೆ ಓಡಬೇಕೋ. ನಾನು ಉತ್ತರ ಹೇಳಲು ಕೂತೆ. ಚಹಾ ಮುಗಿಯಿತು, ಚಕ್ಕುಲಿ ಮುಗಿಯಿತು, ಅವರು ಮನೆಗೆ ಹೋಗುವ ಹೊತ್ತೂ ಮೀರಿತು, ಉತ್ತರ ಮಾತ್ರ ಅರ್ಧಕ್ಕೇ ನಿಂತಿತು. ಪೂರ್ತಿ ಮಾಡೋಣವೆಂದು ಬರೆಯಲು ಕೂತಿದ್ದೇನೆ.

ನಾನು ಕಾರ್ಕಳದ ಕಡೆಯವಳು. ಹೈಸ್ಕೂಲಿನಲ್ಲಿ, ಕಾಲೇಜಿನಲ್ಲಿ ಕಬಡ್ಡಿ ಆಡಿದ್ದೆ. ಮದುವೆಯಾಗಿ ಡೊಂಬಿವಲಿಗೆ ಬಂದಮೇಲೆ ಹಿಡಿಯಲು ಗಂಡನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವರು ಸ್ಟೇಷನ್ ಹತ್ತಿರದ ವೆಜ್ ಹೊಟೇಲೊಂದರಲ್ಲಿ ಕ್ಯಾಶ್ ಕೌಂಟರಿನಲ್ಲಿದ್ದರು. ಹೊಟೇಲಿನ ಮಾಲೀಕರು ಸದಾಶಿವಣ್ಣ, ನಮ್ಮೂರ ಕಡೆಯವರೇ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ಹೊಟೇಲಿನ ಮೇಲಿನ ಮಾಳಿಗೆ ಖಾಲಿ ಬಿದ್ದಿದೆಯೆಂದು ಅಲ್ಲಿ ಜಿಮ್ ತೆರೆದರು. ಮಧ್ಯಾಹ್ನಕ್ಕೆ ಮುಂಚೆ ಲೇಡೀಸ್ ಟೈಮ್ ಇಡಬೇಕೆಂದು ಅವರಿಗೆ ಆಸೆ. ಹೇಳಿಕೊಡುವ ಹೆಂಗಸು ಸಿಕ್ಕಿರಲಿಲ್ಲ. ನನ್ನ ಗಂಡ ಕಬಡ್ಡಿಯ ವಿಷಯ ಬಾಯಿಬಿಟ್ಟರು.

ಸಂದರ್ಶನ ಎಂದರೆ ಇಷ್ಟು. ಸದಾಶಿವಣ್ಣ ಒಂದು ದೊಡ್ಡ ಡಂಬೆಲ್ ತೋರಿಸಿ, "ಅದೊಂದು ಎತ್ತಿ ನೋಡುವ" ಎಂದರು.

ನಾನು ಎತ್ತಿ, "ಎಲ್ಲಿ ಇಡುದು?" ಎಂದು ಕೇಳಿದೆ.

"ಅಲ್ಲೇ ಇಡಿ. ನಾಳೆಯಿಂದ ಬನ್ನಿ."

ಅವರಿಗೆ ವ್ಯಾಯಾಮದ ಬಗ್ಗೆ ಗೊತ್ತಿದ್ದುದು ಒಂದೇ ನಿಯಮ: ಬಂದವರು ಮೊದಲು ಓಡಬೇಕು. ಇದ್ದ ಎರಡು ಟ್ರೆಡ್‌ಮಿಲ್‌ಗಳನ್ನು ರಸ್ತೆಗೆ ಕಾಣುವ ಕಿಟಕಿಗೆ ತಾಗಿಸಿ ಇಟ್ಟಿದ್ದರು. ಇದರ ಹಿಂದೆ ಏನೋ ಶಾಸ್ತ್ರ ಇರಬೇಕೆಂದು ನಾನು ನಂಬಿದ್ದೆ. ಮೊದಲು ಓಡಿದರೆ ಮೈ ಬಿಸಿಯಾಗುತ್ತದೆ, ಕೊಬ್ಬು ಸಡಿಲವಾಗುತ್ತದೆ ಎಂದೆಲ್ಲ ಹೆಂಗಸರಿಗೆ ನಾನೇ ವಿವರಿಸುತ್ತಿದ್ದೆ. ಎಷ್ಟೋ ದಿನದ ಮೇಲೆ ಒಮ್ಮೆ ಸದಾಶಿವಣ್ಣನನ್ನೇ ಕೇಳಿದೆ.

"ಶಾಸ್ತ್ರ ಎಂತದು ವಾರಿಜಾ," ಎಂದರು ಅವರು. "ಹೊಟೇಲಿನಲ್ಲಿ ಮೊದಲು ಬಂದ ಗಿರಾಕಿಯನ್ನು ಎಲ್ಲಿ ಕೂರಿಸುದು? ರಸ್ತೆಗೆ ಕಾಣುವ ಟೇಬಲ್ಲಿನಲ್ಲಿ. ಒಳಗೆ ಜನ ಉಂಟು ಅಂತ ಕಂಡ್ರೆ ಇನ್ನು ನಾಲ್ಕು ಜನ ಒಳಗೆ ಬರ್ತಾರೆ. ಕಿಟಕಿ ಖಾಲಿ ಇಡಬೇಡ, ಅಷ್ಟೇ."

ಹೀಗೆ ನಮ್ಮ ಜಿಮ್ಮಿನ ಶಾಸ್ತ್ರ ಕೆಳಗಿನ ಹೊಟೇಲಿನಿಂದ ಮೇಲಕ್ಕೆ ಬಂದದ್ದು. ಬರುತ್ತಿದ್ದುದು ಅದೊಂದೇ ಅಲ್ಲ. ಹನ್ನೊಂದು ಗಂಟೆಗೆ ಲೇಡೀಸ್ ಟೈಮ್ ಶುರುವಾಗುವ ಹೊತ್ತಿಗೆ ಅಡುಗೆಮನೆಯಲ್ಲಿ ಬಾಳೆಹಣ್ಣಿನ ಬನ್ಸ್ ಎಣ್ಣೆಗೆ ಬೀಳುತ್ತಿತ್ತು. ಆ ಪರಿಮಳದಲ್ಲಿ ಹೆಂಗಸರಿಗೆ ಹೊಟ್ಟೆ ಕರಗಿಸುವ ವ್ಯಾಯಾಮ ಹೇಳಿಕೊಟ್ಟವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಆ ಕಾಲದ ಜಿಮ್ಮುಗಳಲ್ಲಿ ಬೆಲ್ಟ್ ಮೆಷಿನ್ ಅಂತ ಒಂದಿತ್ತು. ಅಗಲವಾದ ಪಟ್ಟಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತರೆ ಸಾಕು, ಅದೇ ಗಡಗಡ ಅಲುಗಾಡಿಸುತ್ತಿತ್ತು. ಕರಗುತ್ತಿದ್ದುದು ಏನೂ ಇಲ್ಲ. ಆದರೂ ಅದರ ಮುಂದೆ ಸದಾ ಸಾಲು. ನಿಂತಲ್ಲೇ ಹರಟೆ ಹೊಡೆಯಬಹುದಿತ್ತಲ್ಲ. ಹೇಳಿದ ಸುದ್ದಿಯೆಲ್ಲ ನಡುಗುತ್ತ ಹೊರಬರುತ್ತಿದ್ದುದರಿಂದ ಯಾರ ಮನೆಯ ಸಣ್ಣ ಜಗಳವೂ ಭೂಕಂಪದಂತೆ ಕೇಳುತ್ತಿತ್ತು.

ಕಿಟಕಿಯಿಂದ ಒಂದು ಅನಾಹುತವೂ ಆಯಿತು. ಸುಮನ್‌ತಾಯಿ ಎನ್ನುವ ಮರಾಠಿ ಹೆಂಗಸು ಟ್ರೆಡ್‌ಮಿಲ್ಲಿನ ಮೇಲೆ ಜೋರಾಗಿ ನಡೆಯುತ್ತಿದ್ದರು. ರಸ್ತೆಯ ಆಚೆ ಬದಿಯಲ್ಲಿ, ಎಣ್ಣೆ ಪದಾರ್ಥ ಮುಟ್ಟಬಾರದೆಂದು ಡಾಕ್ಟರ್ ಹೇಳಿದ್ದ ಅವರ ಗಂಡ ವಡಾಪಾವ್ ಗಾಡಿಯ ಮುಂದೆ ನಿಂತದ್ದು ಕಂಡಿತು. ಮೆಷಿನ್ ನಿಲ್ಲಿಸುವುದನ್ನೂ ಮರೆತು ಅವರು ಹಿಂದೆ ತಿರುಗಿದರು. ಮೆಷಿನ್ ಅವರನ್ನು ನೇರವಾಗಿ ಬೆಲ್ಟ್ ಮೆಷಿನ್ನಿನ ಸಾಲಿಗೆ ಎಸೆಯಿತು. ಸಾಲಿನಲ್ಲಿದ್ದ ಮೂವರೂ ಅವರೊಂದಿಗೆ ನೆಲಕ್ಕೆ. ನಾನು ಓಡಿಹೋಗಿ ಏಳಿಸುವಷ್ಟರಲ್ಲಿ ಸುಮನ್‌ತಾಯಿ ತಾವಾಗಿಯೇ ಎದ್ದು, ಮೆಟ್ಟಿಲಿಳಿದು, ರಸ್ತೆ ದಾಟಿ, ಗಂಡನ ಕೈಯಿಂದ ವಡಾಪಾವ್ ಕಸಿದಾಗಿತ್ತು. ಅಷ್ಟು ವೇಗವನ್ನು ಅವರು ಮೆಷಿನ್ನಿನ ಮೇಲೆ ಒಮ್ಮೆಯೂ ತೋರಿಸಿರಲಿಲ್ಲ. ಮರುದಿನ ಗಂಡ ಸಂಜೆಯ ಬ್ಯಾಚಿಗೆ ಸೇರಿದರು. ಕಿಟಕಿಗೆ ಅರ್ಧ ಪರದೆ ಬಂತು. ಎಷ್ಟು ಎತ್ತರ ಎನ್ನುವುದನ್ನು ಸದಾಶಿವಣ್ಣ ರಸ್ತೆಯಲ್ಲಿ ನಿಂತು, ಒಳಗಿನವರ ತಲೆ ಕಾಣುವ ಹಾಗೆ ನೋಡಿಕೊಂಡೇ ಕಟ್ಟಿಸಿದ್ದು.

ಹೀಗೆ ವರ್ಷಗಳು ಹೋದವು. ಎರಡು ಸಾವಿರದ ಹತ್ತು ದಾಟಿದ ಮೇಲೆ ನಿಖಿಲ್ ಬಂದ. ದಿವಾದಲ್ಲಿ ಹುಟ್ಟಿ ಬೆಳೆದ ಹುಡುಗ, ತಂದೆತಾಯಿ ವಿಜಯಪುರದ ಕಡೆಯವರು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ವಾಶಿಯಲ್ಲಿ ಟ್ರೇನರ್ ಕೋರ್ಸ್ ಮುಗಿಸಿಕೊಂಡು ಬಂದಿದ್ದ. ಮೊದಲ ದಿನ ನನ್ನನ್ನು 'ಆಂಟಿ' ಎಂದ. ನಾನು ಒಂದು ಡಂಬೆಲ್ ಎತ್ತಿ ಬೇರೆ ಕಡೆ ಇಟ್ಟೆ. ಅಲ್ಲಿಂದ ಮುಂದೆ 'ಮ್ಯಾಡಮ್' ಆಯಿತು.

ಎರಡನೇ ದಿನವೇ ಅವನು ಹೇಳಿದ, "ಮ್ಯಾಡಮ್, ಯೇ ಉಲ್ಟಾ ಹೈ. ಪೆಹಲೆ ವೆಯ್ಟ್, ಬಾದ್ ಮೇ ಕಾರ್ಡಿಯೋ."

ದಣಿದ ಮೇಲೆ ಭಾರ ಎತ್ತಿದರೆ ಬೆನ್ನು ಬಾಗುತ್ತದೆ, ಮಂಡಿ ಅಡ್ಡ ಹೋಗುತ್ತದೆ, ಪೆಟ್ಟಾಗುತ್ತದೆ. ಬಲ ಬೇಕೆನ್ನುವವರು ಬಲ ಇರುವಾಗಲೇ ಎತ್ತಬೇಕು ಎನ್ನುವುದು ಅವನ ವಾದ. ನನಗೆ ಸಿಟ್ಟು ಬಂತು. ಬ್ಯಾಚು ಮುಗಿದು ಜಿಮ್ ಖಾಲಿಯಾದಾಗ ಒಬ್ಬಳೇ ಪರೀಕ್ಷೆ ಮಾಡಿದೆ. ಓಡದೆ ನೇರವಾಗಿ ಭಾರಕ್ಕೆ ಕೈ ಹಾಕಿದೆ. ಎಷ್ಟೋ ವರ್ಷ ನನ್ನ ಎದೆಯ ಮೇಲೆ ಬಂದು ಅಲುಗದೆ ಕೂರುತ್ತಿದ್ದ ರಾಡು ಸಲೀಸಾಗಿ ಮೇಲೆ ಹೋಯಿತು. ಸಿಟ್ಟು ಇನ್ನೂ ಹೆಚ್ಚಾಯಿತು. ಆದರೆ ಸರಿ ಕಂಡದ್ದನ್ನು ತಪ್ಪು ಎನ್ನಲು ಬರುವುದಿಲ್ಲವಲ್ಲ. ಮರುದಿನದಿಂದ ಹೆಂಗಸರನ್ನೆಲ್ಲ ಮೊದಲು ಕನ್ನಡಿಯ ಮುಂದೆ, ಡಂಬೆಲ್ಲುಗಳ ಹತ್ತಿರ ನಿಲ್ಲಿಸಿದೆವು.

ಸದಾಶಿವಣ್ಣ ಕೆಳಗಿನಿಂದ ಓಡಿ ಬಂದರು. "ಎಂತ ವಾರಿಜಾ, ಕಿಟಕಿಯಲ್ಲಿ ಯಾರೂ ಇಲ್ಲ. ಜಿಮ್ ಬಂದ್ ಆಯ್ತಾ ಅಂತ ಪಾನ್‌ವಾಲಾ ಕೇಳ್ತಾನೆ." ಅತ್ತ ಅರ್ಧ ತಾಸು ಕಳೆದ ಮೇಲೆ ಎಲ್ಲರೂ ಒಟ್ಟಿಗೆ ಎರಡೇ ಟ್ರೆಡ್‌ಮಿಲ್ಲಿಗೆ ಮುಗಿಬಿದ್ದರು, ಬೆಳಗಿನ ಫಾಸ್ಟ್ ಲೋಕಲ್ಲಿಗೆ ಬಿದ್ದಂತೆ.

ಕೊನೆಗೆ ರಾಜಿಯಾಯಿತು. ಅರ್ಧ ಜನ ಮೊದಲು ಕಿಟಕಿಗೆ, ಅರ್ಧ ಜನ ಮೊದಲು ಕನ್ನಡಿಗೆ, ಆಮೇಲೆ ಅದಲುಬದಲು. ಇದರಿಂದ ಶಾಂತಿ ಬರುತ್ತದೆಂದು ನಾವು ತಿಳಿದಿದ್ದೆವು. ವಾರ ಕಳೆಯುವುದರಲ್ಲಿ ಕಿಟಕಿಯವರು, ಕನ್ನಡಿಯವರು ಎಂದು ಎರಡು ಪಕ್ಷ ಹುಟ್ಟಿದವು. ವ್ಯಾಯಾಮ ಮುಗಿಸಿ ಕೆಳಗೆ ಹೊಟೇಲಿಗೆ ಹೋದರೆ ಬೇರೆ ಬೇರೆ ಟೇಬಲ್. ನಮ್ಮ ಕ್ರಮವೇ ಸರಿ ಎಂದು ಪ್ರತಿಯೊಬ್ಬರಿಗೂ ಖಾತ್ರಿ. ಎರಡು ತಿಂಗಳಾದ ಮೇಲೆ ಎಲ್ಲರ ಎದುರಿಗೆ ತೂಕ ನೋಡಬೇಕೆಂದು ಹಟ ಹಿಡಿದರು. ನೋಡಿದೆವು. ಕಿಟಕಿಯವರೂ ಇಳಿದಿರಲಿಲ್ಲ, ಕನ್ನಡಿಯವರೂ ಇಳಿದಿರಲಿಲ್ಲ. ಟೇಬಲ್ ಬೇರೆಯಾದರೂ ಬನ್ಸ್ ಒಂದೇ ಬಾಣಲೆಯದು.

ನನ್ನ ತೋಳಿಗೆ ಒಪ್ಪಿದ್ದು ಎಲ್ಲರಿಗೂ ಒಪ್ಪುತ್ತದೆಯೇ ಎಂದು ನಿಖಿಲನಿಗೂ ನನಗೂ ಮಾತ್ರ ವಾದ ಮುಗಿಯಲಿಲ್ಲ. ಹಾಗೆ ಒಂದು ದಿನ ವಾದ ಮಾಡುತ್ತಿದ್ದಾಗ ಶಾಂತವ್ವ ಬಂದರು.

ಅರವತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಹಣೆ ತುಂಬ ಕುಂಕುಮ. ಗಂಡ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ರಿಟೈರ್ ಆದವರು. ನಮ್ಮ ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತು, ಉಸಿರು ಹದಕ್ಕೆ ಬರುವ ತನಕ ನಮ್ಮ ಜಗಳ ಕೇಳಿದರು. ನಾನು ಮೊದಲು ನಡೆಯಲಿ ಎಂದೆ. ನಿಖಿಲ್ ಮೊದಲು ಕಾಲಿಗೆ ಬಲ ಬರಲಿ ಎಂದ.

"ಅಲ್ರೀ ಬಾಯಾರ," ಎಂದರು ಶಾಂತವ್ವ. "ಯಾವುದು ಮೊದಲ ಅಂತ ಆಮ್ಯಾಲೆ ಬಡದಾಡ್ರಿ. ನಾ ಯಾಕ ಬಂದೀನಿ ಅಂತ ಯಾರೂ ಕೇಳಲೇ ಇಲ್ಲಲ್ರಿ?"

"ಹೇಳಿ. ತೂಕ ಇಳಿಸ್ಲಿಕ್ಕಾ?"

"ತೂಕ ಇರವಲ್ದ್ಯಾಕ. ನನಗ ಬದಲಾಪುರಕ್ಕ ಹೋಗಬೇಕಾಗೈತಿ. ಲೋಕಲ್ ಟ್ರೇನ್ ಹತ್ತೂದು ಕಲಸ್ರಿ."

ಕಲ್ಯಾಣದ ಆಚೆಯ ಬದಲಾಪುರದಲ್ಲಿ ಅವರ ಅಕ್ಕ ನೀಲವ್ವ ಇದ್ದರು. ಮೊದಲೆಲ್ಲ ಶಾಂತವ್ವ ವಾರಕ್ಕೊಮ್ಮೆ ಹೋಗುತ್ತಿದ್ದರು. ಕೆಲವು ವರ್ಷಗಳ ಹಿಂದೆ ರೈಲು ಹತ್ತುವಾಗ ಕಾಲು ಮೇಲಕ್ಕೆ ಏಳುವ ಮೊದಲೇ ಗಾಡಿ ಹೊರಟಿತು. ಒಳಗಿದ್ದ ಹೆಂಗಸರು ರಟ್ಟೆ ಹಿಡಿದು ಎಳೆದುಕೊಂಡದ್ದರಿಂದ ಬದುಕಿದರು. ಒಂದು ಚಪ್ಪಲಿ ಹಳಿಯ ಮೇಲೆ ಉಳಿಯಿತು. ಅಂದಿನಿಂದ ಸ್ಟೇಷನ್ ಕಡೆ ತಲೆ ಹಾಕಿರಲಿಲ್ಲ. ಮಗ ಬಿಡುವಾದಾಗ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದ; ಬಿಡುವು ಆಗುತ್ತಿರಲಿಲ್ಲ. ಹೀಗಿರುವಾಗ ನೆಂಟರ ಮದುವೆಯ ಮಾತುಕತೆಯಲ್ಲಿ ನೀಲವ್ವ ಹತ್ತು ಜನರ ಮುಂದೆ ಒಂದು ಮಾತು ಆಡಿದ್ದರು: ಶಾಂತವ್ವ ಎಲ್ಲಿ ಬರ್ತಾಳ ಬಿಡ್ರಿ, ಮನಿ ಹೊಸ್ತಿಲಾ ದಾಟಿದ್ರ ಭಾಳಾತು.

"ಆ ಮಾತು ನನ್ನ ಕಿವಿಗೆ ಬಿತ್ತು. ಫೋನ್ ಹಚ್ಚಿ ಬೈಯಾಕ ಹೋದ್ರ ಆಕಿ ಕಟ್ ಮಾಡಿದ್ಲು," ಎಂದರು ಶಾಂತವ್ವ. "ಎದುರಿಗೆ ನಿಂತು ಕೇಳಬೇಕ್ರಿ. ಎದುರಿಗೆ ನಿಂತ್ರ ಹ್ಯಾಂಗ ಕಟ್ ಮಾಡ್ತಾಳ ನೋಡೂನು."

ಹೇಳುವಾಗ ಧ್ವನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಇತ್ತು. ಮನೆ ಬಿಟ್ಟು ತಾನಾಗಿ ಎಲ್ಲಿಗೂ ಹೋಗಲಾರೆ ಎಂದು ಅವರಿಗೇ ಅನ್ನಿಸತೊಡಗಿತ್ತು. ಅಕ್ಕನ ಬಾಯಲ್ಲಿ ಅದೇ ಮಾತು ಬಂದದ್ದಕ್ಕೆ ಅಷ್ಟು ಉರಿ.

ಪಂಜಾಬಿ ಡ್ರೆಸ್ ಹಾಕಿಕೊಂಡು ಬನ್ನಿ, ಕಾಲು ಎತ್ತಲು ಸುಲಭ ಎಂದೆ. "ಬದಲಾಪುರಕ್ಕ ನಾ ಪಂಜಾಬಿ ಡ್ರೆಸ್ ಹಾಕ್ಕೊಂಡು ಹೋಗಾಂಗಿಲ್ರಿ. ಸೀರ್ಯಾಗ ಹತ್ತೂದು ಕಲಸ್ರಿ," ಎಂದರು. ಯೋಚಿಸಿದರೆ ಅದು ಸರಿಯಾದ ಮಾತೇ. ನಿಖಿಲ್ ಹಿಂದಿಯಲ್ಲಿ "ನೀಚೇ ಬೈಠೋ, ಊಪರ್ ಉಠೋ" ಎಂದರೆ ಅವರು ಅಲುಗುತ್ತಿರಲಿಲ್ಲ. "ನಿನ್ನ ಹಿಂದಿ ನನಗ ತಿಳಿತೈತಿ ತಮ್ಮಾ, ನನ್ನ ಮಣಕಾಲಿಗೆ ತಿಳ್ಯಾಂಗಿಲ್ಲ. ಕನ್ನಡದಾಗ ಹೇಳು," ಎನ್ನುತ್ತಿದ್ದರು. ಅವನು ಕೆಂಪಾಗಿ, "ಕೂಡ್ರಿ... ಏಳ್ರಿ" ಎಂದ. ಮಣಕಾಲು ಕೇಳಿತು.

ಶಾಂತವ್ವನ ಮಟ್ಟಿಗೆ ಮೊದಲು ನಡೆದದ್ದು ನಿಖಿಲನ ಕ್ರಮವೇ. ಬಲ ಮೊದಲು. ಹೊಟೇಲಿನ ತಂಪು ಪಾನೀಯದ ಖಾಲಿ ಕ್ರೇಟುಗಳ ಮೇಲೆ ಹಲಗೆ ಬಿಗಿದು ರೈಲಿನ ಬಾಗಿಲ ಹೊಸ್ತಿಲಿನಷ್ಟು ಎತ್ತರದ ಮೆಟ್ಟಿಲು ಮಾಡಿದೆವು. ವೆಯ್ಟ್ ಮೆಷಿನ್ನಿನ ಕಂಬವೇ ಬಾಗಿಲ ನಡುವಿನ ಕಂಬ. ಮೊದಮೊದಲು ಒಂದೇ ಕ್ರೇಟು, ಆಮೇಲೆ ಎರಡು. ಶಾಂತವ್ವ ಕೈಚೀಲವನ್ನೂ ಹಿಡಿದು ಹತ್ತಬೇಕೆಂದರು.

"ಜಗಳಕ್ಕೆ ಚೀಲ ಯಾಕೆ?" ಎಂದೆ.

"ರೊಟ್ಟಿ, ಶೇಂಗಾ ಚಟ್ನಿ ಒಯ್ಯಬೇಕಲ್ರಿ. ಬರೀಗೈಲೆ ಹ್ಯಾಂಗ ಹೋಗೂದು?"

ಹಾಗಾಗಿ ಚೀಲದಲ್ಲಿ ರೊಟ್ಟಿಯ ಬದಲು ಎರಡು ಡಂಬೆಲ್. ಕೆಲವು ತಿಂಗಳಲ್ಲಿ ಅವರು ಸೆರಗು ಸಿಕ್ಕಿಸಿ, ಕಂಬ ಹಿಡಿದು, ಚೀಲದ ಸಮೇತ ಆ ಎತ್ತರವನ್ನು ಒಂದೇ ಎತ್ತಿಗೆ ಏರತೊಡಗಿದರು. ನಿಖಿಲ್ ನನ್ನ ಕಡೆ ನೋಡಿ ನಗುತ್ತಿದ್ದ. ನಗಲಿ ಎಂದುಕೊಂಡೆ.

ಒಂದು ಮಧ್ಯಾಹ್ನ, ಗದ್ದಲವಿಲ್ಲದ ಹೊತ್ತು ನೋಡಿಕೊಂಡು ಮೂವರೂ ಸ್ಟೇಷನ್ನಿಗೆ ಹೋದೆವು. ಪ್ಲಾಟ್‌ಫಾರ್ಮಿಗೆ ಹೋಗಲು ಮೊದಲು ಸೇತುವೆ ಹತ್ತಬೇಕು. ನಾವು ಮೂವರೂ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಶಾಂತವ್ವ ಎರಡು ಕಡೆ ನಿಂತು, ರೇಲಿಂಗ್ ಹಿಡಿದು ಹತ್ತಿದರು. ಆ ಕಡೆ ಇಳಿಯುವಾಗ ತೊಡೆ ನಡುಗುತ್ತಿತ್ತು. ಗಾಡಿ ಬಂತು. ನಿಖಿಲ್ ಗಂಡಸರ ಡಬ್ಬಿಗೆ ಓಡಿದ. ನಾನೂ ಶಾಂತವ್ವನೂ ಲೇಡೀಸ್ ಡಬ್ಬಿಯ ಮುಂದೆ ನಿಂತೆವು. ಅವರು ಕಂಬ ಹಿಡಿದರು. ಕಾಲು ಅರ್ಧಕ್ಕೆ ಎದ್ದಿತು, ಮತ್ತೆ ಕೆಳಗೆ ಬಂತು. ಇನ್ನೊಮ್ಮೆ ಎತ್ತಿದರು. ಆಗಲಿಲ್ಲ. ಗಾಡಿ ಅಲುಗಿತು, ನಾನು ಅವರನ್ನು ಹಿಂದಕ್ಕೆ ಎಳೆದುಕೊಂಡೆ.

ಬೆಂಚಿನ ಮೇಲೆ ಕೂತೆವು. ಅವರು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಳಿಯ ಕಡೆ ನೋಡುತ್ತಿದ್ದರು. "ನೀಲವ್ವ ಅಂದದ್ದು ಖರೇನ ಐತಿ," ಎಂದರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ನಾವು ಹತ್ತಿದ್ದೇವೆಂದು ತಿಳಿದು ನಿಖಿಲ್ ಒಬ್ಬನೇ ಕಲ್ಯಾಣ ತಲುಪಿ, ಲೇಡೀಸ್ ಡಬ್ಬಿಯ ಕಿಟಕಿಗಳನ್ನೆಲ್ಲ ಇಣುಕಿ ನೋಡಿದ್ದ. ಯಾರೋ ಹೆಂಗಸರು ಇವನನ್ನು ಹಿಡಿದು ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದರು. "ಮ್ಯಾಡಮ್, ಆಪ್ ಹೀ ಬೋಲೋ ಇನ್ ಕೋ, ಮೈ ಅಜ್ಜಿ ಕೋ ಢೂಂಢ್ ರಹಾ ಹೂಂ." ಅವನು ಅಜ್ಜಿಯನ್ನು ಹುಡುಕುತ್ತಿದ್ದಾನೆಂದು ನಾನು ಆ ಹೆಂಗಸರಿಗೆ ಫೋನಿನಲ್ಲೇ ವಿವರಿಸಿ ಅವನನ್ನು ಬಿಡಿಸಿದೆ. ಶಾಂತವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಅದರಲ್ಲಿ ಎಷ್ಟು ನಗೆಯದು, ಎಷ್ಟು ಅಲ್ಲ ಎಂದು ನಾನು ಕೇಳಲಿಲ್ಲ.

ಮರುದಿನ ನಿಖಿಲ್ ಬಂದವನೇ ಹೇಳಿದ, "ಮ್ಯಾಡಮ್, ಬ್ರಿಡ್ಜ್ ಪೆಹಲೆ ಆತಾ ಹೈ. ಅಜ್ಜಿ ಕಾ ಉಲ್ಟಾ ಕರ್‌ನಾ ಪಡೇಗಾ."

ಸೇತುವೆ ಮೊದಲು ಬರುತ್ತದೆ ಎನ್ನುವುದನ್ನೇ ನಾನೂ ಇಡೀ ರಾತ್ರಿ ಯೋಚಿಸಿದ್ದೆ. ದಣಿಯದ ಕಾಲಿನಲ್ಲಿ ಏರುವುದನ್ನು ಕಲಿಸಿದ್ದೆವು. ರೈಲು ಬರುವುದು ದಣಿದ ಕಾಲಿಗೆ. ಆ ದಿನದಿಂದ ಶಾಂತವ್ವ ಮೊದಲು ಟ್ರೆಡ್‌ಮಿಲ್ಲನ್ನು ಏರು ಮಾಡಿಕೊಂಡು ನಿಧಾನವಾಗಿ ನಡೆದು, ಉಸಿರು ಏರಿದ ಮೇಲೆಯೇ ಕ್ರೇಟು ಹತ್ತಬೇಕು ಎಂದಾಯಿತು. ಭಾರ ಕಡಿಮೆ ಮಾಡಿ, ಕ್ರೇಟು ಮತ್ತೆ ಒಂದಕ್ಕೆ ಇಳಿಸಿ, ಇಬ್ಬರೂ ಎರಡು ಬದಿಗೆ ನಿಂತು ಶುರುಮಾಡಿದೆವು.

ಮೊನ್ನೆ ಮನೆಗೆ ಬಂದ ಹುಡುಗಿಯರಿಗೆ ನಾನು ಹೇಳುವುದು ಇದನ್ನೇ. ಭಾರ ಎತ್ತುವ ಬಲ ಬೇಕಾದವಳು ಮೊದಲು ಭಾರ ಎತ್ತಲಿ, ಓಟದಲ್ಲಿ ಮುಂದೆ ಬರಬೇಕಾದವಳು ಮೊದಲು ಓಡಲಿ. ಸುಮ್ಮನೆ ಆರೋಗ್ಯಕ್ಕೆ ಎಂದು ಬಂದವಳಿಗೆ ಯಾವುದರಿಂದ ಶುರುಮಾಡಿದರೆ ನಾಳೆಯೂ ಬರುವ ಮನಸ್ಸಾಗುತ್ತದೋ ಅದು ಮೊದಲು. ಏನು ಬೇಕಾಗಿ ಬಂದಿದ್ದಾಳೆ ಎಂದು ಕೇಳದೆ ಯಾವುದನ್ನೂ ಹೇಳಬೇಡಿ. ಸದಾಶಿವಣ್ಣನಂಥವರು ಸಿಕ್ಕರೆ ಕಿಟಕಿಯನ್ನೂ ಸ್ವಲ್ಪ ನೋಡಿಕೊಳ್ಳಿ. ಇಳಕಲ್ ಸೀರೆ ಉಟ್ಟ ಅಜ್ಜಿ ಮೆಷಿನ್ನಿನ ಮೇಲೆ ನಡೆಯುವುದನ್ನು ನೋಡಲು ರಸ್ತೆಯಲ್ಲಿ ಜನ ನಿಲ್ಲತೊಡಗಿದ್ದರು. ಆ ತಿಂಗಳು ಹೊಸ ಮೆಂಬರುಗಳು ಬಂದಷ್ಟು ಹಿಂದೆಂದೂ ಬಂದಿರಲಿಲ್ಲ. ಸದಾಶಿವಣ್ಣ ತಾವೇ ಬಂದು ಪರದೆ ಬಿಚ್ಚಿ ಹೋದರು.

ಮಳೆಗಾಲ ಮುಗಿದಿತ್ತು. ಇನ್ನೊಮ್ಮೆ ಸ್ಟೇಷನ್ನಿಗೆ ಹೋಗಿ ನೋಡೋಣವೇ ಎಂದು ನಾನು, ನಿಖಿಲ್ ಮಾತಾಡಿಕೊಳ್ಳುತ್ತಿದ್ದಾಗಲೇ ಒಂದು ದಿನ ಶಾಂತವ್ವ ಬ್ಯಾಚಿಗೆ ಬರಲಿಲ್ಲ. ಅವರ ಗಂಡನಿಗೆ ಫೋನ್ ಮಾಡಿದರೆ, ಜಿಮ್ಮಿಗೆ ಅಂತ ಬೆಳಿಗ್ಗೆಯೇ ಹೋಗಿದ್ದಾಳಲ್ಲ ಎಂದರು. ನಿಖಿಲ್ ಸ್ಟೇಷನ್ನಿಗೆ ಓಡಿದ. ಒಂದು ತಾಸಿನ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ಬಾಯಾರ, ಬದಲಾಪುರದಾಗ ಅದೀನ್ರಿ."

"ಯಾರು ಕರಕೊಂಡು ಹೋದದ್ದು?"

"ಯಾರು ಕರಕೊಂಡು ಬರ್ತಾರ, ರೈಲು ಕರಕೊಂಡು ಬಂತು. ಒಂದು ಗಾಡಿ ಬಿಟ್ಟು ಕುಂತು ಸುಧಾರಿಸ್ಕೊಂಡೆ. ಎರಡನೇದ್ದು ಹತ್ತಿದೆ."

ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ. "ಮತ್ತೆ ಜಗಳ ಆಯ್ತಾ?"

"ಬಾಗಿಲಾ ತಗದಾಕಿ ನನ್ನ ನೋಡಿ ಅಳಾಕ ಹತ್ತಿದ್ಲು. ಅಳಾಕಿ ಕೂಡ ಹ್ಯಾಂಗ ಜಗಳಾಡೂದ್ರಿ? ಊಟ ಆದಮ್ಯಾಲೆ ಸುರು ಮಾಡೀನಿ."

ಹಿಂದಿನಿಂದ ಇನ್ನೊಂದು ಧ್ವನಿ ಕೇಳಿತು. ಫೋನು ಕೈ ಬದಲಾಯಿತು.

"ಈಕಿಗೆ ರೈಲು ಹತ್ತೂದು ಕಲಿಸಿದಾಕಿ ನೀವ ಏನು?" ಎಂದರು ನೀಲವ್ವ.

"ಹೌದು," ಎಂದೆ, ಬೈಗುಳಕ್ಕೆ ತಯಾರಾಗಿ.

"ಈಕಿ ನನ್ನ ಮನಿಗೆ ಬಂದು, ನನ್ನ ಪಡಸಾಲ್ಯಾಗ ಕುಂತು, ಬಾಯಿಗೆ ಬಂದಂಗ ಅಂದಾಳ. ನಾ ಈಕಿ ಮನಿಗೆ ಬಂದು ಅನಬೇಕೋ ಬ್ಯಾಡೋ? ನನಗೂ ಕಲಸ್ರಿ."

"ಕಲಿಸುವ. ಆದ್ರೆ ಕಲಿಲಿಕ್ಕೆ ನೀವು ಡೊಂಬಿವಲಿಗೆ ಬರಬೇಕಲ್ಲ."

"ಹ್ಯಾಂಗ ಬರ್ಲೆವಾ?" ಎಂದರು ನೀಲವ್ವ, ಮೆತ್ತಗೆ.

ಹಾಗಾಗಿ ವಾರಕ್ಕೊಮ್ಮೆ ಬ್ಯಾಚು ಮುಗಿಸಿ ನಾನೇ ಬದಲಾಪುರಕ್ಕೆ ಹೋಗತೊಡಗಿದೆ. ಶಾಂತವ್ವನೂ ತಪ್ಪದೆ ಜೊತೆಗೆ ಬರುತ್ತಿದ್ದರು. ಅಕ್ಕ ಕಾಲು ಎತ್ತುತ್ತಿದ್ದರೆ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು, ಇನ್ನೂ ಮ್ಯಾಲೆ, ಇನ್ನೂ ಮ್ಯಾಲೆ ಎನ್ನುತ್ತಿದ್ದರು. ನೀಲವ್ವ ಕಾಲು ಕೆಳಗಿಟ್ಟು ಬೈಯಲು ಶುರುಮಾಡಿದರೆ, ಆ ದಿನದ ವ್ಯಾಯಾಮ ಅಲ್ಲಿಗೆ ಮುಗಿಯಿತೆಂದು ನಾನು ಚಹಾಕ್ಕೆ ಇಡುತ್ತಿದ್ದೆ.